ದೂರ ಎಷ್ಟು? ಹೊತ್ತು ಎಷ್ಟು?

ಬೆಳಗಾವಿ ಹತ್ತಿರ ಸಾಂಬ್ರಾ ಎಂಬ ಊರಿದೆ. ಅಲ್ಲಿ ಒಂದು ವಿಮಾನ ನಿಲ್ದಾಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇನ್ನೊಂದು. ಎರಡರ ನಡುವೆ ಎಷ್ಟು ದೂರ? ಹೋಗಲು ಎಷ್ಟು ಹೊತ್ತು ಬೇಕು? ಅಕ್ಕ-ತಂಗಿಯರೇ, ಬನ್ನಿ, ನಾವು ಲೆಕ್ಕ ಮಾಡಿ ನೋಡೋಣ.

ಭೂಪಟದ ಮೇಲೆ ನೇರ ದಾರ ಹಿಡಿದು ಅಳೆದರೆ ಸುಮಾರು 75 ಕಿಲೋಮೀಟರ್. ಆದರೆ ರಸ್ತೆ ದಾರದ ಹಾಗೆ ನೇರ ಇರೋದಿಲ್ಲ. ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್ ಆಗ್ತದೆ. ಕಾರು ಒಂದು ತಾಸಿಗೆ 50 ಕಿಲೋಮೀಟರ್ ಓಡಿದರೆ 2 ತಾಸು ಬೇಕು.

ವಿಮಾನದಲ್ಲೇ ಹೋದರೆ ಬೇಗ ಆಗೋದಿಲ್ಲವೇ? ಇಲ್ಲ. ವಿಮಾನ ಹೊರಡುವ 2 ತಾಸು ಮೊದಲೇ ನಾವು ನಿಲ್ದಾಣದಲ್ಲಿರಬೇಕು. ಅಷ್ಟರಲ್ಲಿ ಕಾರು ಹುಬ್ಬಳ್ಳಿ ಮುಟ್ಟಿರ್ತದೆ! ಹತ್ತಿರದ ಊರಿಗೆ ರಸ್ತೆಯೇ ಮೇಲು. ಬೆಂಗಳೂರಿನಂಥ ದೂರದ ಊರಿಗೆ ವಿಮಾನದಿಂದ ಹೊತ್ತು ಉಳೀತದೆ.

ಸಾಂಬ್ರಾದ ಒಬ್ಬ ತಾಯಿ ಮಗಳ ಹೆರಿಗೆಗೆ ಬೆಂಗಳೂರಿಗೆ ಹೋಗಬೇಕು ಎಂದುಕೊಳ್ಳೋಣ. ಟಿಕೆಟ್ ಸಿಕ್ಕಿದ್ದು ಹುಬ್ಬಳ್ಳಿಯಿಂದ. ಟಿಕೆಟ್‌ನಲ್ಲಿ 15:00 ಎಂದಿದೆ. ಇದರಲ್ಲಿ 12 ಕಳೆಯಿರಿ. ಮಧ್ಯಾಹ್ನ 3 ಗಂಟೆ. ಆಕೆ 1 ಗಂಟೆಗೆ ನಿಲ್ದಾಣದಲ್ಲಿರಬೇಕು. ತಡವಾದರೆ ಒಳಗೆ ಬಿಡೋದಿಲ್ಲ. ಟಿಕೆಟ್ ಹಣವೂ ಹೋದೀತು, ಹೆರಿಗೆ ಹೊತ್ತಿಗೆ ಮಗಳ ಹತ್ತಿರ ಇರುವುದೂ ತಪ್ಪೀತು.

ಬಸ್ಸಿನ ಲೆಕ್ಕ ಹೀಗೆ:

ಸಾಂಬ್ರಾದಿಂದ ಬೆಳಗಾವಿ ಬಸ್ ನಿಲ್ದಾಣ – ಅರ್ಧ ತಾಸು
ಬಸ್ಸಿಗೆ ಕಾಯುವುದು – ಅರ್ಧ ತಾಸು
ಬೆಳಗಾವಿಯಿಂದ ಹುಬ್ಬಳ್ಳಿ – ಎರಡೂವರೆ ತಾಸು
ಅಲ್ಲಿಂದ ವಿಮಾನ ನಿಲ್ದಾಣ – ಅರ್ಧ ತಾಸು
ಒಟ್ಟು – 4 ತಾಸು

ಅಂದರೆ ಬೆಳಿಗ್ಗೆ 9 ಗಂಟೆಗೆ ಮನೆ ಬಿಡಬೇಕು. ದಾರಿಯಲ್ಲಿ ಗಾಡಿ ಕೆಟ್ಟರೆ? ಮಳೆ ಬಂದರೆ? ಅದಕ್ಕೆ ಅರ್ಧ ತಾಸು ಕೈಯಲ್ಲಿ ಇಟ್ಟುಕೊಳ್ಳೋಣ. ಎಂಟೂವರೆಗೆ ಹೊರಟರೆ ಚಿಂತೆಯಿಲ್ಲ.

ದಾರಿಯಲ್ಲಿ ಬೋರ್ಡು ಓದುತ್ತಾ ಹೋಗೋಣ. ಮೊದಲು ಹಿರೇಬಾಗೇವಾಡಿ. ಆಮೇಲೆ ಮಲಪ್ರಭಾ ಹೊಳೆಯ ದಂಡೆಯ ಎಂ.ಕೆ. ಹುಬ್ಬಳ್ಳಿ. ಇಲ್ಲಿ ಎಚ್ಚರ! 'ಹುಬ್ಬಳ್ಳಿ' ಎಂಬ ಹೆಸರು ಕೇಳಿ ಇಳಿದುಬಿಟ್ಟೀರಿ. ನಮ್ಮ ಹುಬ್ಬಳ್ಳಿ ಇನ್ನೂ ದೂರ ಇದೆ. ಮುಂದೆ ಕಿತ್ತೂರು. 1824ರಲ್ಲಿ ರಾಣಿ ಚೆನ್ನಮ್ಮ ಇಂಗ್ಲಿಷರನ್ನು ಎದುರಿಸಿದ ಊರು. ನಂತರ ಧಾರವಾಡ. ಅದು ದಾಟಿದ ಮೇಲೆ ಹುಬ್ಬಳ್ಳಿ. ಬೋರ್ಡು ಓದಲು ಬಂದರೆ ಯಾರನ್ನೂ ಕೇಳಬೇಕಿಲ್ಲ.

ಫೋಟೋ ಇರುವ ಗುರುತಿನ ಚೀಟಿ ಮರೀಬೇಡಿ. ಅದಿಲ್ಲದೆ ವಿಮಾನ ನಿಲ್ದಾಣದ ಒಳಗೆ ಬಿಡೋದಿಲ್ಲ.

ಈಗ ನೀವೇ ಲೆಕ್ಕ ಮಾಡಿ:
1. ಟಿಕೆಟ್‌ನಲ್ಲಿ 18:00 ಎಂದಿದೆ. ಅಂದರೆ ಸಂಜೆ ಎಷ್ಟು ಗಂಟೆ?
2. ಬಸ್ಸಿನಲ್ಲಿ ಹೋಗುವವರು ಸಾಂಬ್ರಾದಿಂದ ಎಷ್ಟು ಗಂಟೆಗೆ ಹೊರಡಬೇಕು?
3. ನಿಮ್ಮ ಊರಿನಿಂದ ತಾಲೂಕು ಆಸ್ಪತ್ರೆಗೆ ಎಷ್ಟು ದೂರ? ಎಷ್ಟು ಹೊತ್ತು? ಬರೆದು ಗೋಡೆಗೆ ಅಂಟಿಸಿ.