ಟ್ರಿಗರ್ ಹಗುರವಾದಷ್ಟೂ

ಬೇಟೆಯ ರೈಫಲ್ ಸುಮಾರು ಮೂರೂವರೆ ಕಿಲೊ ತೂಗುತ್ತದೆ. ಟ್ರಿಗರ್ ಎಳೆಯುವುದಕ್ಕೇ ಮೂರು ಕಿಲೊ ಬಲ ಹಾಕಬೇಕಾಗಿ ಬಂದರೆ ಗುಂಡು ಹೊರಡುವ ಮೊದಲೇ ನಳಿಗೆ ಅಲುಗುತ್ತದೆ, ಗುರಿ ತಪ್ಪುತ್ತದೆ, ಪ್ರಾಣಿ ಗಾಯಗೊಂಡು ನರಳುತ್ತ ಓಡುತ್ತದೆ. ಅದಕ್ಕೇ ಅಮೆರಿಕದ ಬೇಟೆಗಾರರು ಕಾರ್ಖಾನೆಯ ಟ್ರಿಗರನ್ನು ಹಗುರ ಮಾಡಿಕೊಳ್ಳುತ್ತಾರೆ, ಇಲ್ಲವೇ ಕಿತ್ತು ಹೊಸದನ್ನು ಕೂರಿಸುತ್ತಾರೆ. ಒಂದೂವರೆ ಕಿಲೊ ಆಸುಪಾಸಿನ ಎಳೆತ ಬೇಟೆಗೆ ಸಾಕು. ಅದಕ್ಕಿಂತ ತೀರಾ ಹಗುರವಾದದ್ದು ಗುರಿಸ್ಪರ್ಧೆಗೆ ಸರಿ. ಚಳಿಗೆ ಬೆರಳು ಮರಗಟ್ಟಿದವರ ಕೈಗಲ್ಲ.

ಬಿಗಿ ಸ್ಪ್ರಿಂಗಿನ ಮುಂದಿರುವ, ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ ನುಗ್ಗದಂತೆ ತಡೆದಿರುವುದು ಸಿಯರ್ ಎಂಬ ಪುಟ್ಟ ಉಕ್ಕಿನ ತುಂಡು. ಅದು ಟ್ರಿಗರಿನ ಅಂಚಿನ ಮೇಲೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಗಲದಲ್ಲಿ ಕೂತಿರುತ್ತದೆ. ಹೊಂದಿಸಿಕೊಳ್ಳಬಹುದಾದ ಟ್ರಿಗರುಗಳಲ್ಲಿ ಸಾಮಾನ್ಯವಾಗಿ ಮೂರು ತಿರುಪುಗಳು: ಒಂದು ಎಳೆತದ ಬಲಕ್ಕೆ, ಇನ್ನೊಂದು ಗುಂಡು ಹಾರಿದ ಮೇಲೂ ಟ್ರಿಗರ್ ಹಿಂದೆ ಸರಿಯುವ ದೂರಕ್ಕೆ, ಮತ್ತೊಂದು ಸಿಯರಿನ ಈ ಹಿಡಿತಕ್ಕೆ. ಅಪಾಯ ಹೆಚ್ಚು ಇರುವುದು ಈ ಕೊನೆಯದರಲ್ಲಿ. ಅದನ್ನು ತಿರುಗಿಸಿ ಹಿಡಿತ ಕುಗ್ಗಿಸಿದರೆ ಟ್ರಿಗರ್ ಗಾಜಿನ ಕಡ್ಡಿ ಮುರಿದಷ್ಟು ಚೊಕ್ಕಟವಾಗಿ ಬಿಡುತ್ತದೆ; ಆದರೆ ಹಿಡಿತ ಕುಗ್ಗಿದಷ್ಟೂ ಒಂದು ಪೆಟ್ಟು ತಗುಲಿದರೂ, ಕೈಜಾರಿ ಬಿದ್ದರೂ ಗುಂಡು ತಾನಾಗಿ ಹಾರಬಹುದು. ಈ ತಿರುಪನ್ನು ಕೋವಿ ರಿಪೇರಿ ಬಲ್ಲವರಿಗೇ ಬಿಡಬೇಕು.

ರೆಮಿಂಗ್ಟನ್ ಕಂಪನಿಯ ಮಾಡೆಲ್ 700 ರೈಫಲ್ ಮಾರುಕಟ್ಟೆಗೆ ಬಂದದ್ದು 1962ರಲ್ಲಿ. ಮೈಕ್ ವಾಕರ್ ರೂಪಿಸಿದ ಅದರ ಟ್ರಿಗರಿನಲ್ಲಿ ಸಿಯರಿಗೂ ಟ್ರಿಗರಿಗೂ ನಡುವೆ ಕನೆಕ್ಟರ್ ಎಂಬ ಬಿಡಿ ತುಂಡೊಂದಿತ್ತು. ಗುಂಡು ಹಾರಿದಾಗಲೆಲ್ಲ ಅದು ಟ್ರಿಗರಿನಿಂದ ಕೊಂಚ ದೂರ ಸರಿಯುತ್ತಿತ್ತು. ಆ ಸಂದಿಯಲ್ಲಿ ಧೂಳೋ, ಗಟ್ಟಿಯಾದ ಎಣ್ಣೆಯೋ ಸಿಕ್ಕಿಕೊಂಡರೆ ಸಿಯರಿಗೆ ಆಸರೆ ಪೂರ್ತಿ ಸಿಗದು, ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಸೇಫ್ಟಿ ಕೀಲಿಯನ್ನು ತೆಗೆದ ಕ್ಷಣವೇ ಗುಂಡು ಹಾರಬಹುದು ಎಂಬುದು ತಜ್ಞರ ಆರೋಪ. 1982ರವರೆಗಿನ ಮಾದರಿಗಳಲ್ಲಂತೂ ತೋಟಾ ಹೊರತೆಗೆಯಲು ಸೇಫ್ಟಿ ತೆಗೆಯಲೇಬೇಕಿತ್ತು! 2000ದಲ್ಲಿ ಮೊಂಟಾನಾದಲ್ಲಿ ತಾಯಿ ಹೀಗೆ ಸೇಫ್ಟಿ ತೆಗೆದಾಗ ಹಾರಿದ ಗುಂಡಿಗೆ ಒಂಬತ್ತು ವರ್ಷದ ಮಗ ಬಲಿಯಾದ. ಆಕೆ ಟ್ರಿಗರ್ ಮುಟ್ಟಿರಲಿಲ್ಲ ಎಂದು ಕುಟುಂಬ ಹೇಳಿತು. ಕಂಪನಿ ದೋಷವನ್ನು ಕಡೆಗೂ ಒಪ್ಪಲಿಲ್ಲ. ಆದರೂ ನ್ಯಾಯಾಲಯದ ಒಪ್ಪಂದದಂತೆ ಹಳೆಯ ಟ್ರಿಗರುಗಳನ್ನು ಉಚಿತವಾಗಿ ಬದಲಿಸಿಕೊಡಬೇಕಾಯಿತು. ಅದಕ್ಕೂ ಮುಂಚೆ, 2014ರಲ್ಲಿ, ಎಕ್ಸ್-ಮಾರ್ಕ್ ಪ್ರೊ ಎಂಬ ಹೊಸ ಟ್ರಿಗರಿನ ರೈಫಲ್ಲುಗಳನ್ನೂ ಕಂಪನಿ ವಾಪಸ್ ಕರೆಸಿಕೊಂಡಿತ್ತು. ಜೋಡಿಸುವಾಗ ಬಳಸಿದ ಅಂಟು ಹೆಚ್ಚಾಗಿ, ಗುಂಡು ತಾನಾಗಿ ಹಾರುವ ಅಪಾಯವಿತ್ತು.

ಆದ್ದರಿಂದ ಹೊಸ ಟ್ರಿಗರ್ ಹಾಕಿಸಿದರೂ ಪರೀಕ್ಷೆ ತಪ್ಪದು. ತೋಟಾಗಳನ್ನು ಕೋಣೆಯಿಂದಲೇ ಹೊರಗಿಡಬೇಕು. ತೋಟಾ ಕೂರುವ ಗೂಡು ಖಾಲಿಯೇ ಎಂದು ಕಣ್ಣಿಂದ ನೋಡಿ, ಬೆರಳಿಂದಲೂ ತಡವಬೇಕು. ನಳಿಗೆಯನ್ನು ಜನರಿಲ್ಲದ ಸುರಕ್ಷಿತ ದಿಕ್ಕಿಗೆ ತಿರುಗಿಸಿ ಗೂಡಿನ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹಲವು ಸಲ ರಭಸದಿಂದ ಮುಚ್ಚಬೇಕು. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಬೇಕು, ಆಮೇಲೆ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಬೇಕು. ಸೇಫ್ಟಿ ಇಲ್ಲದೆ ಹಿಡಿಯ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿಯೂ ನೋಡಬೇಕು. ಈ ನಡುವೆ ಒಮ್ಮೆಯಾದರೂ ಫೈರಿಂಗ್ ಪಿನ್ ‘ಟಕ್’ ಎಂದು ಬಿದ್ದರೆ ಆ ರೈಫಲ್ ನೇರ ರಿಪೇರಿಯವರ ಬಳಿಗೆ ಹೋಗಬೇಕು.