ಮುಂದಿನ ಫೋರ್ಕು ಮುರಿಯದಿರಲು

ಗೃಹಸ್ಥನ ಮನೆಯಂಗಳದಲ್ಲಿ ಹಿಂದೆ ಬಂಡಿಯೂ ಎತ್ತುಗಳೂ ಇದ್ದ ಎಡೆಯಲ್ಲಿ ಇಂದು ಮೋಟಾರು ಸೈಕಲ್ಲು ನಿಂತಿದೆ. ಬಂಡಿಯನ್ನು ಹೂಡುವ ಮುನ್ನ ಅಚ್ಚನ್ನೂ ಕಡಾಣಿಯನ್ನೂ ಮುಟ್ಟಿ ನೋಡುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಮೋಟಾರು ಸೈಕಲ್ಲಿನ ವಿಷಯದಲ್ಲಿ ನಾವು ಪೆಟ್ರೋಲನ್ನು ನೋಡುತ್ತೇವೆ, ಚಕ್ರದ ಗಾಳಿಯನ್ನು ನೋಡುತ್ತೇವೆ. ಆದರೆ ಮುಂದಿನ ಚಕ್ರವನ್ನು ಎರಡು ಕೈಗಳಂತೆ ಹಿಡಿದುಕೊಂಡಿರುವ ಫೋರ್ಕನ್ನು ಬಗ್ಗಿ ನೋಡುವವರು ವಿರಳ. ಎಂಜಿನ್ನು ಕೆಟ್ಟರೆ ವಾಹನವು ನಿಲ್ಲುವುದು. ಫೋರ್ಕು ಮುರಿದರೆ ಸವಾರನು ಬೀಳುವನು. ಇವೆರಡಕ್ಕೂ ಇರುವ ಅಂತರವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ನಮ್ಮ ನೆರೆಯ ಮಿತ್ರರೊಬ್ಬರ ಬಳಿ ಅವರ ತಂದೆಯವರ ಕಾಲದ ಮೋಟಾರು ಸೈಕಲ್ಲೊಂದಿತ್ತು. ಒಂದು ದಿನ ಅದನ್ನು ತೊಳೆಯುತ್ತಿರುವಾಗ ಫೋರ್ಕಿನ ಒಂದು ಕೊಳವೆಯ ಮೇಲ್ಭಾಗದಲ್ಲಿ ಕೂದಲೆಳೆಯಂತಹ ಗೆರೆಯೊಂದು ಅವರ ಕಣ್ಣಿಗೆ ಬಿದ್ದಿತು. ಕೂಡಲೇ ವರ್ಕ್‌ಷಾಪಿಗೆ ಒಯ್ದರು. ಅಲ್ಲಿಯ ಕೆಲಸಗಾರನು ಆ ಸ್ಥಳಕ್ಕೆ ದಪ್ಪನಾದ ಕಬ್ಬಿಣದ ತಗಡನ್ನು ಸುತ್ತಿ, ಸುತ್ತಲೂ ವೆಲ್ಡಿಂಗ್ ಮಾಡಿ, “ಇನ್ನು ಆನೆ ಹತ್ತಿದರೂ ಮುರಿಯುವುದಿಲ್ಲ, ಸ್ವಾಮಿ” ಎಂದು ಅಭಯವನ್ನಿತ್ತನು. ಆತನು ಹೇಳಿದ್ದು ಒಂದು ಅರ್ಥದಲ್ಲಿ ಸುಳ್ಳಾಗಲಿಲ್ಲ: ತಗಡು ಮುರಿಯಲೇ ಇಲ್ಲ. ನಾಲ್ಕು ತಿಂಗಳಾದ ಮೇಲೆ, ಮಗಳನ್ನು ಶಾಲೆಯಿಂದ ಕರೆತರುವಾಗ, ಮನೆಯ ತಿರುವಿನಲ್ಲಿ, ತಗಡಿನ ಅಂಚಿಗೆ ಸರಿಯಾಗಿ ಕೊಳವೆಯು ಕಡಿದುಹೋಯಿತು. ವೇಗವು ಅತಿ ಕಡಿಮೆಯಿದ್ದುದರಿಂದ ತಂದೆಮಗಳಿಬ್ಬರೂ ಮೊಣಕಾಲಿನ ತರಚುಗಾಯದಿಂದ ಪಾರಾದರು. ಇದೇ ಅನಾಹುತವು ಹೆದ್ದಾರಿಯಲ್ಲಿ ಒದಗಿದ್ದರೆ ನಾವು ಈ ಲೇಖನವನ್ನು ಬೇರೆ ಬಗೆಯಲ್ಲಿ ಬರೆಯಬೇಕಾಗುತ್ತಿತ್ತು.

ಬಲಪಡಿಸಿದ ಫೋರ್ಕು ಬಲಪಡಿಸಿದ ಕಾರಣದಿಂದಲೇ ಮುರಿಯಿತೆ? ಬಹುಮಟ್ಟಿಗೆ ಹೌದೆಂದೇ ಹೇಳಬೇಕಾಗಿದೆ. ಇದು ಹೇಗೆಂಬುದನ್ನು ತಿಳಿಯಲು ಫೋರ್ಕಿನ ಮೇಲೆ ಬೀಳುವ ಭಾರದ ಸ್ವರೂಪವನ್ನು ಮೊದಲು ಅರಿಯಬೇಕು.

ಫೋರ್ಕು ನೆಲಕ್ಕೆ ನೇರವಾಗಿ ನಿಂತಿಲ್ಲ. ಮುಂದಕ್ಕೆ ಓರೆಯಾಗಿ ಚಾಚಿಕೊಂಡಿದೆ. ಆದಕಾರಣ ಸವಾರನ ಭಾರವು ಬಿದ್ದಾಗಲೆಲ್ಲ ಅದು ಚಕ್ರದ ಕಡೆಯ ತುದಿಯನ್ನು ಮುಂದಕ್ಕೆ ತಳ್ಳುವಂತೆ ಬಾಗಲು ಯತ್ನಿಸುತ್ತದೆ. ಮುಂದಿನ ಬ್ರೇಕನ್ನು ಬಲವಾಗಿ ಹಿಡಿದಾಗ, ಇಲ್ಲವೆ ಚಕ್ರವು ಗುಂಡಿಯ ದಡಕ್ಕೆ ಬಡಿದಾಗ, ಅದೇ ತುದಿಯು ಹಿಂದಕ್ಕೆ ತಳ್ಳಲ್ಪಡುತ್ತದೆ. ಹೀಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ದಿನಕ್ಕೆ ಸಾವಿರಾರು ಸಲ ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಬಾಗುವುದೇ ಫೋರ್ಕಿನ ನಿತ್ಯಕರ್ಮ. ಈ ಬಾಗುವಿಕೆಯ ಒತ್ತಡವೆಲ್ಲ ಒಂದುಗೂಡುವುದು ಎರಡು ಕೊಳವೆಗಳನ್ನೂ ಕೂಡಿಸಿ ಹಿಡಿದಿರುವ ಕೆಳಗಿನ ಅಡ್ಡಪಟ್ಟಿಯ ಬಳಿಯಲ್ಲಿ. ಮೆಕ್ಯಾನಿಕ್ಕುಗಳು ಇದನ್ನು ‘ಟಿ’ ಎನ್ನುತ್ತಾರೆ. ಮರದ ಕೊಂಬೆಯನ್ನು ಜಗ್ಗಿದರೆ ಅದು ಕಾಂಡಕ್ಕೆ ಸೇರುವ ಬುಡದಲ್ಲಿ ಸೀಳುವಂತೆ, ಫೋರ್ಕಿನ ಬಿರುಕು ಸಾಮಾನ್ಯವಾಗಿ ಇಲ್ಲಿಯೇ ಮೊದಲಾಗುತ್ತದೆ.

ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅತ್ತಿತ್ತ ಹತ್ತು ಸಲ ಬಗ್ಗಿಸಿದರೆ ಮುರಿಯುತ್ತದೆ. ಇದು ಮಕ್ಕಳೂ ಬಲ್ಲ ಸಂಗತಿ. ಆದರೆ ದೊಡ್ಡ ಯಂತ್ರಗಳ ಉಕ್ಕಿಗೂ ಇದೇ ನಿಯಮವು ಅನ್ವಯಿಸುವುದೆಂಬುದನ್ನು ಲೋಕವು ಅರಿತದ್ದು ಭಾರಿ ಬೆಲೆಯನ್ನು ತೆತ್ತ ಮೇಲೆ. 1842ನೆಯ ಇಸವಿ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲುಬಂಡಿಯ ಎಂಜಿನ್ನಿನ ಅಚ್ಚು ಮುರಿದು, ಹಿಂದಣ ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡಿತು. ಗಾಡಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದುದರಿಂದ ಐವತ್ತಕ್ಕೂ ಮಿಕ್ಕಿದ ಜನರು ಒಳಗೇ ಪ್ರಾಣಬಿಟ್ಟರು. ಅದರ ಮರುವರ್ಷ ರ‍್ಯಾಂಕಿನ್ ಎಂಬ ತರುಣ ಎಂಜಿನಿಯರನು ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ದಪ್ಪನೆಯ ಭಾಗವು ಥಟ್ಟನೆ ತೆಳ್ಳಗಾಗುವ ಮೂಲೆಯಲ್ಲಿಯೇ ಬಿರುಕು ಹುಟ್ಟುವುದೆಂದೂ, ಆ ಮೂಲೆಯನ್ನು ಕ್ರಮವಾಗಿ ಇಳಿಯುವ ಬಾಗಾಗಿ ಮಾಡಬೇಕೆಂದೂ ಸೂಚಿಸಿದನು. ಅನಂತರ ಜರ್ಮನಿಯಲ್ಲಿ ಔಗುಸ್ಟ್ ವ್ಯೋಲರನು ರೈಲಿನ ಅಚ್ಚುಗಳ ಮೇಲೆ ದೀರ್ಘಕಾಲ ಪ್ರಯೋಗಗಳನ್ನು ನಡೆಸಿದನು. ಒಂದೇ ಸಲಕ್ಕೆ ಮುರಿಯಲು ಬೇಕಾಗುವ ಭಾರಕ್ಕಿಂತ ಬಹಳ ಕಡಿಮೆಯಾದ ಭಾರವೂ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನು ಮುರಿಯಬಲ್ಲುದು. ಆದರೆ ಒಂದು ಮಿತಿಯ ಒಳಗಿದ್ದರೆ ಉಕ್ಕು ಅದನ್ನು ಬಹುಕಾಲ ತಾಳಿಕೊಳ್ಳುವುದು: ಇದು ಆತನು ಕಂಡುಕೊಂಡ ಸತ್ಯ. ಹನಿಗೂಡಿ ಹಳ್ಳವೆಂಬ ಗಾದೆಯು ಲೋಹದ ಆಯಾಸಕ್ಕೂ ಸಲ್ಲುತ್ತದೆ.

ಈಗ ನಮ್ಮ ಮಿತ್ರರ ಫೋರ್ಕಿನ ಗುಟ್ಟು ಬಯಲಾಗುವುದು. ತಗಡನ್ನು ಸುತ್ತಿದ ಭಾಗವು ಕಲ್ಲಿನಂತೆ ಬಿಗಿಯಾಯಿತು. ಅದರ ಕೆಳಗಣ ಕೊಳವೆಯು ಹಿಂದಿನಂತೆಯೇ ಉಳಿಯಿತು. ದಪ್ಪವೂ ತೆಳುವೂ ಸಂಧಿಸುವ ಗೆರೆಯಲ್ಲಿ, ರ‍್ಯಾಂಕಿನ್ನನು ಎಚ್ಚರಿಸಿದ ಮೂಲೆಯನ್ನೇ, ವೆಲ್ಡಿಂಗಿನವನು ಹೊಸದಾಗಿ ನಿರ್ಮಿಸಿಕೊಟ್ಟಿದ್ದನು. ಅದು ಸಾಲದೆಂಬಂತೆ ಬೆಂಕಿಯ ಕಾವು ಆ ಗೆರೆಯ ಬಳಿಯ ಉಕ್ಕಿನ ಹದವನ್ನೂ ಕೆಡಿಸಿತ್ತು.

ಫೋರ್ಕು ಮುರಿಯುವ ಪೀಡೆಯು ಮೋಟಾರು ಸೈಕಲ್ಲಿಗಿಂತ ಹಳೆಯದು. 1913ರ ಫ್ರಾನ್ಸ್ ದೇಶದ ಪ್ರಸಿದ್ಧ ಸೈಕಲ್ ಪಂದ್ಯದಲ್ಲಿ ಯೂಜೆನ್ ಕ್ರಿಸ್ತೋಫ್ ಎಂಬ ಸವಾರನು ಪಿರನೀಸ್ ಪರ್ವತಗಳ ತೂರ್ಮಾಲೆ ಘಟ್ಟವನ್ನು ಇಳಿಯುತ್ತಿರುವಾಗ ಆತನ ಸೈಕಲ್ಲಿನ ಫೋರ್ಕು ಮುರಿಯಿತು. ಪರರ ಸಹಾಯವನ್ನು ಪಡೆಯಬಾರದೆಂಬುದು ಪಂದ್ಯದ ನಿಯಮ. ಆತನು ಸೈಕಲ್ಲನ್ನು ಹೊತ್ತುಕೊಂಡು ಮೈಲಿಗಟ್ಟಲೆ ನಡೆದು, ಸೇಂಟ್ ಮರಿ ದ ಕಾಂಪಾಂ ಎಂಬ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿ, ತಾನೇ ಕುಲುಮೆಯ ಮುಂದೆ ನಿಂತು ಫೋರ್ಕನ್ನು ಬೆಸೆದನು. ಎರಡು ಕೈಗಳಿಗೂ ಕೆಲಸವಿದ್ದುದರಿಂದ ಹುಡುಗನೊಬ್ಬನು ತಿದಿಯನ್ನೊತ್ತಿದನು. ಅಷ್ಟು ಮಾತ್ರಕ್ಕೆ ಅಧಿಕಾರಿಗಳು ಆತನಿಗೆ ದಂಡವನ್ನು ವಿಧಿಸಿದರು! 1919ರಲ್ಲಿ, ಪಂದ್ಯವು ಮುಗಿಯುವ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ದಾಗ, ಪುನಃ ಫೋರ್ಕು ಮುರಿದು ಜಯವು ಕೈತಪ್ಪಿತು. 1922ರಲ್ಲಿ ಮೂರನೆಯ ಸಲವೂ ಹಾಗೆಯೇ ಆಯಿತು. ಆತನು ಆ ಪಂದ್ಯವನ್ನು ಎಂದಿಗೂ ಗೆಲ್ಲಲಿಲ್ಲ.

ಮೊದಮೊದಲಿನ ಮೋಟಾರು ಸೈಕಲ್ಲುಗಳಲ್ಲಿ ಅನೇಕವು ಎಂಜಿನ್ನನ್ನು ತೊಡಿಸಿದ ಇಂತಹ ಸೈಕಲ್ಲುಗಳೇ ಆಗಿದ್ದವು. ಕಾಲಿನಿಂದ ತುಳಿಯುವ ವೇಗಕ್ಕೆಂದು ಮಾಡಿದ ಫೋರ್ಕು ಎಂಜಿನ್ನಿನ ಭಾರಕ್ಕೂ ವೇಗಕ್ಕೂ ಸೋತಿತು. ಆಗ ತಯಾರಕರು ಅನುಸರಿಸಿದ ಮಾರ್ಗಗಳು ಇಂದಿಗೂ ಬೋಧಪ್ರದವಾಗಿವೆ. ಒಂದು, ಕೊಳವೆಯ ಒಳಗೆ ಬುಡದಲ್ಲಿ ಇನ್ನೊಂದು ಕೊಳವೆಯ ತುಂಡನ್ನು ಸೇರಿಸಿ ಹಿತ್ತಾಳೆಯಿಂದ ಬೆಸೆಯುವುದು. ಆ ಒಳತುಂಡಿನ ಕೊನೆಯನ್ನು ನೇರವಾಗಿ ಕತ್ತರಿಸದೆ ಮೀನಿನ ಬಾಲದಂತೆ ಮೊನೆಗೊಳಿಸುತ್ತಿದ್ದರು. ಬಿಗಿಯು ಥಟ್ಟನೆ ಮುಗಿಯದೆ ಮೆಲ್ಲಮೆಲ್ಲನೆ ಕರಗಬೇಕೆಂಬುದೇ ಅದರ ಮರ್ಮ. ಎರಡು, ಫೋರ್ಕಿನ ಮುಂದೆ ಅಚ್ಚಿನಿಂದ ಮೇಲ್ತುದಿಯವರೆಗೆ ಬೇರೆ ಕೊಳವೆಗಳನ್ನು ಕಟ್ಟಿ ತ್ರಿಕೋನಾಕಾರವನ್ನು ಕೊಡುವುದು. ಮಾಡಿನ ತೊಲೆಗಳ ಕಟ್ಟಿನಲ್ಲಿರುವಂತೆ, ತ್ರಿಕೋನದಲ್ಲಿ ಬಾಗಿಸುವ ಬಲವು ಎಳೆಯುವ ಮತ್ತು ಒತ್ತುವ ಬಲವಾಗಿ ಹಂಚಿಹೋಗುತ್ತದೆ. ಇದೇ ಬೆಳೆದು, ಸ್ಪ್ರಿಂಗನ್ನೂ ಕೂಡಿಸಿಕೊಂಡು, ಗರ್ಡರ್ ಫೋರ್ಕೆನಿಸಿ ಕೆಲವು ದಶಕಗಳ ಕಾಲ ಮೆರೆಯಿತು.

ಮೂರನೆಯ ಮಾರ್ಗವೆಂದರೆ ಆಘಾತವನ್ನು ಎದುರಿಸುವ ಬದಲು ನುಂಗುವುದು. 1935ರಲ್ಲಿ ಬಿ.ಎಂ.ಡಬ್ಲ್ಯು. ಕಂಪೆನಿಯು ಒಂದರೊಳಗೊಂದು ಜಾರುವ ಕೊಳವೆಗಳಿಗೆ ಸ್ಪ್ರಿಂಗನ್ನೂ ಎಣ್ಣೆಯ ತಡೆಯನ್ನೂ ಅಳವಡಿಸಿದ ಫೋರ್ಕನ್ನು ತನ್ನ ಮೋಟಾರು ಸೈಕಲ್ಲುಗಳಿಗೆ ತೊಡಿಸಿತು. ಮುಂದೆ ಈ ಬಗೆಯೇ ಲೋಕವ್ಯಾಪಕವಾಯಿತು. 1961ರಿಂದ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ, ಕನ್ನಡನಾಡಿನ ಅದೆಷ್ಟೋ ಮನೆಗಳ ಮುಂದೆ ನಿಂತಿದ್ದ ಜಾವಾ, ಯೆಜ್ದಿ ವಾಹನಗಳ ಫೋರ್ಕೂ ಈ ಕುಲದ್ದೇ. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೆ ಅದರ ವಾಹನಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ವಿಶೇಷವಾಗಿ ಅವರು ಈ ಮಾತುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ.

ಇಂದಿನ ಭಾರಿ ವಾಹನಗಳಲ್ಲಿ ಫೋರ್ಕಿನ ಕೊಳವೆಗಳು ಹಿಂದಿಗಿಂತ ದಪ್ಪವಾಗಿರುವುದನ್ನು ವಾಚಕರು ಕಂಡಿರಬಹುದು. ಇದು ಬಿದಿರಿನಿಂದ ಕಲಿತ ಪಾಠ. ಒಳಗೆ ಟೊಳ್ಳಾದರೂ ಸುತ್ತಳತೆಯು ಹಿರಿದಾದಷ್ಟೂ ಬಿದಿರು ಬಾಗುವಿಕೆಯನ್ನು ಹೆಚ್ಚಾಗಿ ತಡೆಯುತ್ತದೆ. ಗೋಡೆಯ ದಪ್ಪವನ್ನು ಹಾಗೆಯೇ ಇರಿಸಿಕೊಂಡು 32 ಮಿಲಿಮೀಟರಿನ ಕೊಳವೆಯನ್ನು 40 ಮಿಲಿಮೀಟರಿಗೆ ಏರಿಸಿದರೆ, ತೂಕವು ಸುಮಾರು ಕಾಲುಭಾಗ ಹೆಚ್ಚುವುದು. ಬಾಗುವಿಕೆಯನ್ನು ತಾಳುವ ಬಲವಾದರೋ ಒಂದೂವರೆ ಪಟ್ಟಿಗೂ ಮೀರುವುದು. ನಿಜವಾದ ಬಲವರ್ಧನೆಯು ಆಕಾರದಿಂದ ಬರತಕ್ಕದ್ದೇ ಹೊರತು ತೇಪೆಯಿಂದಲ್ಲ.

ಹಾಗಾದರೆ ಗೃಹಸ್ಥನು ಮಾಡಬಹುದಾದುದೇನು? ಮೊದಲು ಮಾಡಬಾರದ್ದನ್ನು ಹೇಳುತ್ತೇವೆ. ಬಿರುಕು ಬಿಟ್ಟ ಫೋರ್ಕಿನ ಕೊಳವೆಯನ್ನಾಗಲಿ ‘ಟಿ’ಯನ್ನಾಗಲಿ ವೆಲ್ಡಿಂಗ್ ಮಾಡಿಸಲಾಗದು, ಹೊಸದನ್ನೇ ಹಾಕಿಸಬೇಕು. ಅಪಘಾತದಲ್ಲಿ ಬಾಗಿದ ಕೊಳವೆಗೆ ರಸ್ತೆಬದಿಯಲ್ಲಿ ಬೆಂಡ್ ತೆಗೆಸುವ ಪದ್ಧತಿಯು ಬಹಳವಾಗಿದೆ. ಕಣ್ಣಿಗೆ ಅದು ನೆಟ್ಟಗಾದರೂ ಬಾಗಿದ ಎಡೆಯ ಉಕ್ಕು ತನ್ನ ಆಯುಷ್ಯದಲ್ಲಿ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿಸಿದರಂತೂ ಅದರ ಹದವೇ ಹೋಗುವುದು. ಕೊಳವೆಯ ಮೇಲೆ ಅರದಿಂದ ಗೀರುವುದು, ದೀಪ ಮೊದಲಾದವುಗಳಿಗಾಗಿ ತೂತು ಕೊರೆಸುವುದು ಸಹ ಸಲ್ಲದು. ಒಂದೊಂದು ಗೀರೂ ಬಿರುಕಿಗೆ ಹಾಸಿದ ಮಣೆ.

ಎರಡು ಕಾಲುಗಳನ್ನೂ ಮಡ್‌ಗಾರ್ಡಿನ ಮೇಲೆ ಕೂಡಿಸುವ ಬ್ರೇಸ್ ಎಂಬ ಕಮಾನುಪಟ್ಟಿಯು ದೊರೆಯುತ್ತದೆ. ಅದು ಕಾಲುಗಳು ಒಂದಕ್ಕೊಂದು ತಿರುಚಿಕೊಳ್ಳುವುದನ್ನು ತಡೆದು ಹ್ಯಾಂಡಲಿಗೆ ಸ್ಥಿರತೆಯನ್ನು ಕೊಡುವುದು ನಿಜ. ಆದರೆ ‘ಟಿ’ಯ ಬಳಿಯ ಬಾಗುವಿಕೆಯನ್ನು ಅದು ತಗ್ಗಿಸುವುದಿಲ್ಲ. ಅದನ್ನು ನಂಬಿ ಬಿರುಕನ್ನು ಅಲಕ್ಷಿಸಬಾರದು.

ಮಾಡತಕ್ಕದ್ದು ಸುಲಭವಾಗಿದೆ. ಫೋರ್ಕಿನೊಳಗಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿರಿ. ಆಯಿಲ್ ಸೀಲು ಸೋರಿ ಎಣ್ಣೆಯು ಬತ್ತಿದರೆ ಪ್ರತಿ ಗುಂಡಿಯಲ್ಲಿಯೂ ಲೋಹವು ಲೋಹಕ್ಕೆ ಬಡಿಯುತ್ತದೆ. ಆ ಪೆಟ್ಟೆಲ್ಲವೂ ‘ಟಿ’ಗೆ ತಾಕುತ್ತದೆ. ಮುಂದಿನ ಚಕ್ರವನ್ನು ನೆಲದಿಂದೆತ್ತಿ ನಿಲ್ಲಿಸಿ, ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆಮುಂದೆ ಜಗ್ಗಿರಿ. ಟಕಟಕನೆ ಸದ್ದಾದರೆ ಕೋನ್‌ಸೆಟ್ಟು ಸಡಿಲವಾಗಿದೆಯೆಂದು ತಿಳಿದು ಬಿಗಿ ಮಾಡಿಸಿರಿ. ಸಡಿಲವಾದ ಕೀಲು ಸುತ್ತಿಗೆಯಾಗಿ ಕೆಲಸ ಮಾಡುತ್ತದೆ.

ಕೊನೆಯದಾಗಿ, ಬಿರುಕನ್ನು ಹುಡುಕುವ ಹಳೆಯ ಉಪಾಯವೊಂದುಂಟು. ರೈಲ್ವೆ ಕಾರ್ಖಾನೆಗಳಲ್ಲಿ ಎಣ್ಣೆಯನ್ನೂ ಸುಣ್ಣದ ಪುಡಿಯನ್ನೂ ಉಪಯೋಗಿಸಿ ಹೀಗೆಯೇ ಪರೀಕ್ಷಿಸುತ್ತಿದ್ದರು. ‘ಟಿ’ಯ ಸುತ್ತಮುತ್ತಲನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆಯನ್ನು ಸವರಿ ಅರ್ಧ ಗಂಟೆ ಬಿಡಿರಿ. ಬಳಿಕ ಬಟ್ಟೆಯಿಂದ ಪೂರ್ತಿಯಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿರಿ. ಬಿರುಕಿದ್ದರೆ ಒಳಗಿಳಿದಿದ್ದ ಎಣ್ಣೆಯು ಮರಳಿ ಒಸರಿ ಬಿಳಿಯ ಮೇಲೆ ಕಪ್ಪು ಗೆರೆಯನ್ನು ಬರೆಯುವುದು. ಬಣ್ಣ ಬಳಿದ ಭಾಗದಲ್ಲಿ ಬಣ್ಣವೇ ಬಿರುಕನ್ನು ಮುಚ್ಚಿರುವ ಸಂಭವವುಂಟು; ಅಲ್ಲಿ ಸಂದೇಹ ತೋರಿದರೆ ಬಲ್ಲವರಿಂದ ಬಣ್ಣವನ್ನು ತೆಗೆಸಿ ನೋಡತಕ್ಕದ್ದು. ಈ ಕೆಲಸದಲ್ಲಿ ಬೆಂಕಿಯು ಹತ್ತಿರವಿರಬಾರದು. ಬ್ರೇಕಿಗೂ ಟೈರಿಗೂ ಎಣ್ಣೆಯು ತಾಕಬಾರದು. ಸಣ್ಣ ಗೆರೆಯೊಂದು ಕಂಡರೂ ಆ ವಾಹನವನ್ನು ಅಂದು ಹತ್ತಲಾಗದು.

ನಮ್ಮ ಮಿತ್ರರು ಹೊಸ ಫೋರ್ಕನ್ನು ಹಾಕಿಸಿದ್ದಾರೆ. ತಿಂಗಳ ಮೊದಲನೆಯ ಭಾನುವಾರ ಬೆಳಗ್ಗೆ ಅವರು ಸೀಮೆಎಣ್ಣೆಯ ಬಟ್ಟಲನ್ನು ಹಿಡಿದು ಅಂಗಳಕ್ಕೆ ಬರುವಾಗ, ಅವರ ಮಗಳು ತನ್ನ ಶಾಲೆಯ ಚೀಲದಿಂದ ಸೀಮೆಸುಣ್ಣದ ತುಂಡನ್ನು ತಂದುಕೊಡುತ್ತಾಳೆ. ತಂದೆಯು ಪುಡಿಯನ್ನು ಸವರಿದ ಮೇಲೆ ಮಗಳೂ ಬಗ್ಗಿ ನೋಡಿ, “ಗೆರೆ ಇಲ್ಲ ಅಪ್ಪಾ” ಎಂದ ಮೇಲೆಯೇ ಅವರು ಕೈತೊಳೆಯುವುದು. ಬಂಡಿಯ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದ ಹಿರಿಯರ ವಾಡಿಕೆಯು ಆ ಮನೆಗೆ ಮರಳಿ ಬಂದಿದೆ. ಅದು ವಾಚಕರ ಮನೆಗಳಿಗೂ ಬರಲೆಂದು ಹಾರೈಸುತ್ತೇವೆ.