ನಿಮಗಿದು ಗೊತ್ತೆ?: ಕಣ್ಣಾರೆ ಕಂಡವರೇ ತಪ್ಪಿದಾಗ

ಶ್ರೀಮಂತ ಲಾರ್ಡ್‌ನ ವೇಷ ಹಾಕಿ, ಒಂಟಿ ಮಹಿಳೆಯರ ಒಡವೆ ಲಪಟಾಯಿಸಿ, ನಕಲಿ ಚೆಕ್ ಕೊಟ್ಟು ಮಾಯವಾಗುತ್ತಿದ್ದ ವಂಚಕನೊಬ್ಬ ಲಂಡನ್ನಿನಲ್ಲಿದ್ದ. ‘ಇವನೇ ಅವನು’ ಎಂದು ಹಲವು ಮಹಿಳೆಯರು ನಾರ್ವೆ ಮೂಲದ ಅಡಾಲ್ಫ್ ಬೆಕ್‌ನನ್ನು ಗುರುತಿಸಿದರು. 1896ರಲ್ಲಿ ಆತನಿಗೆ ಏಳು ವರ್ಷ ಶಿಕ್ಷೆಯಾಯಿತು. 1877ರಲ್ಲಿ ಇಂಥದೇ ವಂಚನೆಗೆ ಜೈಲು ಸೇರಿದ್ದ ‘ಜಾನ್ ಸ್ಮಿತ್’ ಕೂಡ ಇವನೇ ಎಂಬುದು ಪೊಲೀಸರ ನಂಬಿಕೆ. ಆದರೆ ಆಗ ಬೆಕ್ ದೂರದ ಪೆರುವಿನಲ್ಲಿದ್ದ! ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಈ ವ್ಯತ್ಯಾಸ 1898ರಲ್ಲೇ ಅಧಿಕಾರಿಗಳ ಗಮನಕ್ಕೆ ಬಂತು. ಬದಲಾದದ್ದು ಆತನ ಕೈದಿ ಸಂಖ್ಯೆ ಮಾತ್ರ, ಬಿಡುಗಡೆ ಸಿಗಲಿಲ್ಲ. ಎಂಥ ಅನ್ಯಾಯ!

ಜೈಲಿನಿಂದ ಹೊರಬಂದ ಮೇಲೆ, 1904ರಲ್ಲಿ ಮತ್ತೆ ಅದೇ ಆರೋಪ, ಮತ್ತೆ ಅದೇ ಬಗೆಯ ಗುರುತಿಸುವಿಕೆ, ಮತ್ತೆ ದೋಷಿ ಎಂಬ ತೀರ್ಮಾನ. ನ್ಯಾಯಾಧೀಶರಿಗೇಕೋ ಅನುಮಾನ ಬಂದು ಶಿಕ್ಷೆ ಘೋಷಣೆಯನ್ನು ಮುಂದೂಡಿದರು. ಅಷ್ಟರಲ್ಲಿ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನದ ಜೊತೆಗೆ 5,000 ಪೌಂಡ್ ಪರಿಹಾರ ದೊರೆಯಿತು.

ಸಾಕ್ಷಿಗಳು ತಪ್ಪಾಗಿ ಗುರುತಿಸಿದ್ದಾರೆಂದು ಮೇಲ್ಮನವಿ ಸಲ್ಲಿಸಲು ಆಗ ಇಂಗ್ಲೆಂಡಿನಲ್ಲಿ ಕೋರ್ಟೇ ಇರಲಿಲ್ಲ. ಈ ಪ್ರಕರಣ ಎಬ್ಬಿಸಿದ ಆಕ್ರೋಶವೂ ಕಾರಣವಾಗಿ 1907ರ ಕಾಯ್ದೆ ಬಂತು, ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಿತು. ವಿಶೇಷವೆಂದರೆ, ಅದೇ ಬ್ರಿಟಿಷರು ಭಾರತದಲ್ಲಿ ಜಾರಿಗೆ ತಂದಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೇಲ್ಮನವಿಗೆ ಅವಕಾಶವಿತ್ತು!

ಸಾಕ್ಷಿಗಳ ಗುರುತಿಸುವಿಕೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಕೂಡ 1979ರ ಕಣ್ಣನ್ ಪ್ರಕರಣದಲ್ಲಿ, ಸಾಕ್ಷಿಗೆ ಪರಿಚಯವೇ ಇಲ್ಲದ ಆರೋಪಿಯನ್ನು ಗುರುತು ಪತ್ತೆ ಪರೇಡ್ (ಹಲವರ ನಡುವೆ ನಿಲ್ಲಿಸಿ ಗುರುತಿಸಲು ಹೇಳುವ ಪರೀಕ್ಷೆ) ನಡೆಸದೆ ಮೊದಲ ಬಾರಿಗೆ ಕೋರ್ಟಿನಲ್ಲೇ ಗುರುತಿಸಿದರೆ ಆ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂದು ಹೇಳಿತು.